ಒಲೆಯ ಬಾಯಿಗೆ ಮಣ್ಣು

ಬಸ್ಸು ಹೊಸಪೇಟೆ ಬಿಟ್ಟು ಸಂಡೂರಿನ ಗುಡ್ಡ ಹತ್ತತೊಡಗಿದಾಗ ತುಳಸಿ ಎಲೆ ಅಡಿಕೆ ಹಾಕಿಕೊಳ್ಳಲೆಂದು ಚೀಲದ ಹಿಂದಿನ ಜೇಬಿಗೆ ಕೈ ಹಾಕಿದಳು. ಅಡಿಕೆ ಡಬ್ಬಿ ಸಿಕ್ಕಿತು. ಟೋಪಿಗಳು ಸಿಗಲಿಲ್ಲ. ಇನ್ನೊಮ್ಮೆ ತಡಕಿದಳು. ಬಂಡ್ರಿಯಲ್ಲಿ ನಾದಿನಿಯ ಮಗಳಿಗೆ ಅಂದು ಕುಬಸ. ಬಸುರಿಗೆ ಉಡಿ ತುಂಬಲು ತಂದ ಸೀರೆ, ಬಳೆ, ಕೊಬ್ಬರಿ ಎಲ್ಲವನ್ನೂ ತೊಡೆಯ ಮೇಲೆ ತೆಗೆದಿಟ್ಟು ಚೀಲವನ್ನು ಬೋರಲು ಹಾಕಿ ಕೊಡವಿದಳು. ಪಕ್ಕದ ಸೀಟಿನ ಹೆಂಗಸು, "ಏನ್ ಕಳಕಂಡ್ಯವ್ವ, ಬಂಗಾರೇನು?" ಎಂದಳು. ತುಳಸಿ ಜೇಬಿನ ಒಳಮೈಯನ್ನು ಹೊರಗೆಳೆದು ನೋಡಿದಳು. ಬಂಗಾರ ಕಳೆದಿದ್ದರೆ ಅವಳ ಎದೆ ಅಷ್ಟು ಹೊಡೆದುಕೊಳ್ಳುತ್ತಿರಲಿಲ್ಲ.

ಟೋಪಿಗಳೆಂದರೆ ಮರ್ಯಾದಸ್ಥರ ತಲೆಯ ಮೇಲಿರುವಂಥವಲ್ಲ. ಹಂಪಿ ನೋಡಲು ಬಂದವರ ಕೂದಲು ಸ್ನಾನದಲ್ಲಿ ನೆನೆಯದಿರಲೆಂದು ಕಮಲಾಪುರದ ಸುತ್ತಲಿನ ರೆಸಾರ್ಟುಗಳಲ್ಲಿ ಇಟ್ಟಿರುತ್ತಾರಲ್ಲ, ಆ ತೆಳ್ಳನೆಯ ಪ್ಲಾಸ್ಟಿಕ್ ಟೋಪಿಗಳು. ತುಳಸಿಯ ತಂಗಿ ಅಂಥದೊಂದು ರೆಸಾರ್ಟಿನಲ್ಲಿ ಕೋಣೆ ಗುಡಿಸುತ್ತಾಳೆ. ಯಾರೂ ಮುಟ್ಟದ ಒಂದೆರಡನ್ನು ಅಕ್ಕನಿಗೆ ತಂದುಕೊಟ್ಟಿದ್ದಳು. ಅವುಗಳನ್ನು ಯಾತಕ್ಕೆ ತೊಡಿಸುತ್ತಾಳೆಂಬುದು ತುಳಸಿಗೂ ಅವಳ ಅಪ್ಪ ಗವಿಸಿದ್ದಪ್ಪನಿಗೂ ಬಿಟ್ಟರೆ ಇನ್ನಾರಿಗೂ ತಿಳಿದಿರಲಿಲ್ಲ.

ಅದು ತಿಳಿಯಬೇಕಾದರೆ ಮಿಲ್ಲಿನ ಸಂಗತಿ ಹೇಳಬೇಕು.

ಕಂಪ್ಲಿಯಲ್ಲಿ ಕೊಟ್ರಬಸಪ್ಪನವರ ಅಕ್ಕಿ ಮಿಲ್ಲು ನಡೆಯುತ್ತಿದ್ದಾಗ ಆ ಓಣಿಯ ಕಡೆ ಹೋದವರ ಮೈಗೆಲ್ಲ ಬೇಯಿಸಿದ ಭತ್ತದ ವಾಸನೆ ಹತ್ತುತ್ತಿತ್ತು. ಮಿಲ್ಲಿನ ಬಾಯ್ಲರಿಗೆ ಹೊಟ್ಟು ಉಣಿಸುವುದೇ ಗವಿಸಿದ್ದಪ್ಪನ ಕೆಲಸ. ಮಕ್ಕಳಿಗೆ ಉಣಿಸಿದ್ದಕ್ಕಿಂತ ಅದಕ್ಕೇ ಹೆಚ್ಚು ಉಣಿಸಿದ ಎಂದು ಅವನ ಹೆಂಡತಿ ಹೊಳೆಮ್ಮ ಸಾಯುವ ತನಕ ಆಡಿಕೊಂಡಳು. ಆಮೇಲೆ ದೊಡ್ಡ ದೊಡ್ಡ ಹೊಸ ಮಿಲ್ಲುಗಳು ಬಂದವು, ಹಳೆಯದು ನಿಂತಿತು, ಪಾರಿವಾಳಗಳು ಒಳಗೆ ಸಂಸಾರ ಹೂಡಿದವು. ಕೊಟ್ರಬಸಪ್ಪನವರ ಮಗಳು ಸೌಜನ್ಯ ಓದು ಮುಗಿಸಿ ಬಂದಾಗ, ಇನ್ನೇನು ಕೆಡವಿ ಪ್ಲಾಟು ಮಾಡಿ ಮಾರುತ್ತಾಳೆಂದು ಊರೇ ಕಾದಿತ್ತು. ಅವಳು ಆಫೀಸು ಮಾಡಿದಳು.

ಗೋಡೆಯ ಸುಣ್ಣ ಕೆರೆಸಿ ಇಟ್ಟಿಗೆಯನ್ನು ಹಾಗೇ ಬಿಟ್ಟಳು. ಭತ್ತ ಸುರಿಯುತ್ತಿದ್ದ ಕಬ್ಬಿಣದ ದೊಡ್ಡ ಡೋಣಿಗಳನ್ನು ತೊಳೆಸಿ ಅವುಗಳೊಳಗೆ ದೀಪ ಇಳಿಬಿಟ್ಟಳು. ಭತ್ತ ಒಣಗಿಸುತ್ತಿದ್ದ ಕಣದಲ್ಲಿ ಈಗ ಸ್ಕೂಟರುಗಳು ಒಣಗುತ್ತವೆ. ಒಳಗೆ ತಣ್ಣನೆಯ ಏಸಿಯಲ್ಲಿ ಕುಳಿತು ನಮ್ಮ ಹುಡುಗ ಹುಡುಗಿಯರು ದೂರದ ಯಾವುದೋ ಊರಿನ ಆಸ್ಪತ್ರೆಯ ಬಿಲ್ಲು ತಿದ್ದುತ್ತಾರೆ. ಯಾರದೋ ಪಿತ್ತಕೋಶ, ಯಾರದೋ ಮೊಣಕಾಲು. ಆಫೀಸಿಗೆ ಇಂಗ್ಲಿಷಿನಲ್ಲೊಂದು ಉದ್ದನೆಯ ಹೆಸರಿದೆ, ಬೋರ್ಡಿನ ಮೇಲೆ. ಆಟೋದವರಿಗೆ ಮಾತ್ರ ಮಿಲ್ಲು ಅಂದರೇ ಅರ್ಥವಾಗುವುದು.

ತುಳಸಿಗೆ ಅಲ್ಲಿ ಕೆಲಸ ಸಿಕ್ಕಿತು. ನೀರಿನ ಕ್ಯಾನು, ಕಸಗುಡಿಸುವವರು, ಬಾಗಿಲು ತೆಗೆಯುವ ಕಾರ್ಡುಗಳು, ಕೆಟ್ಟ ಬಲ್ಬು, ಸೋರುವ ನಲ್ಲಿ, ಎಲ್ಲ ಅವಳ ಪಾಲು. ಬಾಯ್ಲರನ್ನು ಮಾತ್ರ ಸೌಜನ್ಯ ಕದಲಿಸಲಿಲ್ಲ. ಬಾಗಿಲು ದಾಟುತ್ತಲೇ ಎದುರಿಗೆ ಕಾಣುವಂತೆ ಅದರ ಸುತ್ತ ಗಾಜಿನ ಕೋಣೆ ಕಟ್ಟಿಸಿ, ಕಪ್ಪು ಬಣ್ಣ ಬಳಿಸಿ, ಮೇಲೆ ಬೆಳಕು ಬಿಡಿಸಿದಳು. ಮದುಮಗನ ಹಾಗೆ ಕುಳಿತಿತ್ತು. ಪಾರಿವಾಳ ಇಳಿಯದಂತೆ ಚಿಮಣಿಯ ತುದಿಗೆ ತಗಡು ಬಡಿದರು.

ಆಗಲೇ ಒಂದು ಜಗಳವಾಗಿತ್ತು. ಬಾಯ್ಲರಿನ ಒಲೆಯ ಕೆಳಗಿನಿಂದ ನೆಲದೊಳಗೆ ಒಂದು ಸುರಂಗ ಹಿತ್ತಿಲ ತನಕ ಹೋಗುತ್ತಿತ್ತು. ಹಿಂದೆ ಬೂದಿಯನ್ನು ಅಲ್ಲಿಂದ ಎಳೆದು ಹಾಕುತ್ತಿದ್ದರು. ಅದರ ಮೇಲೆ ಆಫೀಸಿನ ನೆಲ ಬರಬೇಕು, ಆದ್ದರಿಂದ ಮಣ್ಣು ತುಂಬಿ ಮುಚ್ಚುತ್ತೇವೆಂದು ಗುತ್ತಿಗೆದಾರ ಟ್ರ್ಯಾಕ್ಟರಿನಲ್ಲಿ ಮಣ್ಣು ತರಿಸಿದ. ಗವಿಸಿದ್ದಪ್ಪ ಸುರಂಗದ ಬಾಯಿಗೆ ಅಡ್ಡ ಕುಳಿತುಬಿಟ್ಟ.

"ಊರಿಗೆ ಅನ್ನ ಹಾಕಿದ ಒಲಿ ಇದು. ಇದರ ಬಾಯಾಗ ಮಣ್ಣ ಹಾಕ್ತೀರೇನು? ಸತ್ತೋರಿಗೆ ಹಾಕೋದು ಮಣ್ಣ. ಒಲಿಗೆ ಹಾಕಬಾರದು."

ಕೊಟ್ರಬಸಪ್ಪನವರು ಆಗಿನ್ನೂ ಇದ್ದರು. ಅವರಿಗೂ ಅದು ಸರಿ ಕಂಡಿತು. ಹಿತ್ತಿಲಲ್ಲಿ ಗುಡ್ಡೆ ಬಿದ್ದಿದ್ದ ಹಳೆಯ ಹೊಟ್ಟು, ಬೂದಿ ಎಲ್ಲ ಬಾಚಿ ಅದನ್ನೇ ಸುರಂಗಕ್ಕೆ ತುಂಬಿಸಿದರು. ಮೇಲೆ ಹಲಗೆ, ಹಲಗೆಯ ಮೇಲೆ ಹೊಳೆಯುವ ಹಾಸು, ಹಾಸಿನ ಮೇಲೆ ಮೇಜು ಕುರ್ಚಿ ಬಂದವು. ಒಲೆಗೆ ಅವಮಾನವಾಗಲಿಲ್ಲವೆಂದು ಇಬ್ಬರೂ ಮುದುಕರು ಸಮಾಧಾನದಿಂದ ಚಹಾ ಕುಡಿದರು.

ಪ್ರತಿ ಅಮಾವಾಸ್ಯೆಗೆ ಬಾಯ್ಲರಿಗೆ ಪೂಜೆ. ಮಿಲ್ಲು ನಡೆಯುವಾಗಿನಿಂದ ಬಂದ ಪದ್ಧತಿ, ಅದನ್ನು ಸೌಜನ್ಯಳೂ ಬಿಡಿಸಲಿಲ್ಲ. ಗವಿಸಿದ್ದಪ್ಪ ಬಂದು ವಿಭೂತಿ ಹಚ್ಚಿ, ಕಾಯಿ ಒಡೆದು, ಲೋಬಾನ ಹಾಕುತ್ತಿದ್ದ. ಆಫೀಸಾದ ಮೇಲಿನ ಮೊದಲ ಅಮಾವಾಸ್ಯೆಗೆ ಲೋಬಾನದ ಹೊಗೆ ಸೂರಿನಲ್ಲಿದ್ದ ಸೆನ್ಸರಿಗೆ ತಾಗಿ ಸೈರನ್ ಹೊಡೆದುಕೊಂಡಿತು. ಹುಡುಗರೆಲ್ಲ ಬಿದ್ದಂಬೀಳ ಹೊರಗೆ ಓಡಿದರು. ದೂರದ ಊರಿನ ದೊಡ್ಡ ಸಾಹೇಬರು ಕಂಪ್ಯೂಟರಿನಲ್ಲಿ ಕೂಡಿಸಿದ್ದ ಮೀಟಿಂಗು ಅರ್ಧಕ್ಕೆ ನಿಂತಿತು. ಆಫೀಸಿನ ಮ್ಯಾನೇಜರ್ ಕಿರಣ್ ಕುಮಾರ್ ಕೆಟ್ಟವನಲ್ಲ. ಆದರೆ ಅಂದು ಅವನ ಮುಖ ನೋಡುವಂತಿರಲಿಲ್ಲ.

"ಇನ್ನೊಂದ್ಸಲ ಸೈರನ್ ಹೊಡ್ಕಂತು ಅಂದ್ರ ಪೂಜೆ ಬಂದ್. ಮಾಡೋರೂ ಬಂದ್, ಮಾಡಿಸೋರೂ ಬಂದ್," ಎಂದ.

ಅಪ್ಪ ಮೂರು ದಿನ ಉಣ್ಣಲಿಲ್ಲ. ಆಗ ತುಳಸಿಯ ತಲೆಗೆ ಹೊಳೆದದ್ದು ಈ ಟೋಪಿ. ಮುಂದಿನ ಅಮಾವಾಸ್ಯೆಗೆ ಎಲ್ಲರೂ ಬರುವ ಮೊದಲೇ ಸ್ಟೂಲು ಹತ್ತಿ ಗಾಜಿನ ಕೋಣೆಯ ಎರಡೂ ಸೆನ್ಸರುಗಳಿಗೆ ಟೋಪಿ ತೊಡಿಸಿದಳು. ಪೂಜೆ ಮುಗಿದು ಹೊಗೆ ಕರಗಿದ ಮೇಲೆ ಬಿಚ್ಚಿ ಚೀಲದ ಹಿಂದಿನ ಜೇಬಿಗೆ ಹಾಕಿಕೊಂಡಳು. ಸೈರನ್ ಸುಮ್ಮನಿತ್ತು, ಅಪ್ಪ ಉಂಡ, ಮ್ಯಾನೇಜರ್ ಪ್ರಸಾದದ ಕೊಬ್ಬರಿ ತಿಂದ. ಅಂದಿನಿಂದ ಅದೇ ರೂಢಿಯಾಯಿತು.

ಈ ಸಲದ ಅಮಾವಾಸ್ಯೆ ಶುಕ್ರವಾರ ಬಂದಿತ್ತು. ಇಂದು ಭಾನುವಾರ. ಟೋಪಿ ಚೀಲದಲ್ಲಿಲ್ಲ.

ತುಳಸಿ ಕಿಟಕಿಯ ಸರಳು ಹಿಡಿದು ನೆನಪು ಮಾಡಿಕೊಂಡಳು. ಶುಕ್ರವಾರ ಸೌಜನ್ಯಳ ಜೊತೆ ಅತಿಥಿಗಳು ಬಂದಿದ್ದರು, ಹಳೆಯ ಕಟ್ಟಡಗಳ ಫೋಟೋ ತೆಗೆಯುವವರು. ಬರೀ ಊದಿನಕಡ್ಡಿ ಲೋಬಾನ ಅವರಿಗೆ ಸಾಲಲಿಲ್ಲ. "ತಾತ, ಒಲಿ ಉರಿಯೋದು ಒಂದೀಟು ತೋರಸ್ರಿ," ಎಂದಳು ಸೌಜನ್ಯ. ಗವಿಸಿದ್ದಪ್ಪನ ಮುಖ ಅರಳಿದ್ದನ್ನು ತುಳಸಿ ನೋಡಿದಳು. ಎಷ್ಟು ವರ್ಷಗಳ ಮೇಲೆ! ಮುದುಕ ಒಂದು ಬುಟ್ಟಿ ಹೊಟ್ಟು ತರಿಸಿ, ಜಾಲರಿಯ ಮೇಲೆ ಸುರಿದು, ಬೆಂಕಿ ಕೊಟ್ಟ. ಹೊಟ್ಟು ಕೆಂಪಾಗಿ ಉರಿಯಿತು. ಬೇಡ ಅನ್ನಬೇಕಿತ್ತು ಅವಳು. ಆ ಮುಖ ನೋಡಿ ಅನ್ನಲಾಗಲಿಲ್ಲ. ಆಮೇಲೆ ಅತಿಥಿಗಳಿಗೆ ಚಹಾ, ಮಿರ್ಚಿ, ಮಂಡಕ್ಕಿ ಅಂತ ಓಡಾಟ. ಟೋಪಿ ಸೂರಿನಲ್ಲೇ ಉಳಿದವು.

ಮತ್ತೆ, ಶನಿವಾರ. ಅದು ನೆನಪಾದದ್ದೇ ಸರಳು ಬಿಟ್ಟು ನೆಟ್ಟಗೆ ಕುಳಿತಳು. ಅವಳ ಓಣಿಯ ಹುಡುಗಿ ಸುಷ್ಮಿತಾ, ತುಳಸಿಯೇ ಹೇಳಿ ಕೆಲಸ ಕೊಡಿಸಿದವಳು, ಸಂಜೆ ಬಂದು, "ಅಕ್ಕಾ, ನನ್ನ ಮೇಜಿನ ಕೆಳಗ ನೆಲ ಬೆಚ್ಚಗೈತಿ. ಚಪ್ಪಲಿ ಬಿಟ್ಟು ಕುಂತ್ರ ಮಸ್ತ್ ಹಿತ ಆಗ್ತೈತಿ," ಎಂದು ನಕ್ಕಿದ್ದಳು. "ಕೆಳಗ ಏಸಿ ವೈರ್ ಹಾದು ಹೋಗಿರಬೇಕು ಬಿಡು," ಎಂದಿದ್ದಳು ತುಳಸಿ. ಹುಡುಗಿಯ ಮೇಜು ಇರುವುದು ಬೂದಿಯ ಸುರಂಗದ ಮೇಲೆ.

ಒಲೆಯ ಜಾಲರಿಯ ಸಂದಿಯಿಂದ ಕೆಂಡ ಕೆಳಗೆ ಬಿದ್ದಿದ್ದರೆ? ಕೆಳಗಿರುವುದು ಹೊಟ್ಟು. ಹೊಟ್ಟಿನ ಬೆಂಕಿ ಹೇಗಿರುತ್ತದೆಂದು ಕಂಪ್ಲಿಯ ಕೂಸಿಗೂ ಗೊತ್ತು. ಉರಿ ಕಾಣುವುದಿಲ್ಲ, ಸದ್ದಿಲ್ಲ. ಮೇಲೆ ಬೂದಿ ಮುಸುಕಿರುತ್ತದೆ, ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಆರಿದೆಯೆಂದು ಬೂದಿಗುಡ್ಡೆಯ ಮೇಲೆ ಕಾಲಿಟ್ಟು ಸುಟ್ಟುಕೊಂಡವರು ಪ್ರತಿ ಓಣಿಗೂ ಒಬ್ಬರಿದ್ದಾರೆ.

ಏನೂ ಆಗಿರುವುದಿಲ್ಲ, ಎಂದುಕೊಂಡಳು. ಇಷ್ಟು ದಿನ ಪೂಜೆ ಮಾಡಿಸಿಕೊಂಡ ಒಲೆ, ಕೈ ಬಿಡುವುದಿಲ್ಲ. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬಿಚ್ಚಿಬಿಟ್ಟರೆ ಮುಗಿಯಿತು, ಯಾರಿಗೆ ಗೊತ್ತಾಗಬೇಕು? ಕುಬಸಕ್ಕೆ ಹೊರಟವಳು ನಡುದಾರಿಯಿಂದ ತಿರುಗಿದರೆ ನಾದಿನಿ ವರ್ಷವಿಡೀ ಎತ್ತಾಡುತ್ತಾಳೆ. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಾ ಇರುವಾಗಲೇ ಕೈ ಫೋನು ತೆಗೆದಿತ್ತು. ಅಪ್ಪನಿಗೆ ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಬಾಯ್ಲರಿನ ಸದ್ದಿಗೆ ಕಿವಿ ಕೊಟ್ಟು ಕೊಟ್ಟು ಅಪ್ಪನಿಗೆ ಈಗ ಫೋನಿನ ಸದ್ದು ತಟ್ಟುವುದಿಲ್ಲ. ಸುಷ್ಮಿತಾಳಿಗೆ ಇಂದು ಭಾನುವಾರದ ಶಿಫ್ಟು, ಅವಳಿಗೆ ಮಾಡಿ ಫಲವಿಲ್ಲ. ಕೆಲಸಕ್ಕೆ ಕೂರುವ ಮೊದಲು ಎಲ್ಲರ ಫೋನು ಹೊರಗಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಅಲ್ಲಿಯ ಕಾನೂನು. ಆ ಬೀಗ ಹಾಕಿಸುವವಳೂ ತುಳಸಿಯೇ.

ಇನ್ನುಳಿದವನು ಕಿರಣ್ ಕುಮಾರ್. ಅವನ ಹೆಸರಿನ ಮೇಲೆ ಬೆರಳಿಟ್ಟು ತೆಗೆದಳು. ಅವನಿಗೆ ಹೇಳುವುದೆಂದರೆ ಟೋಪಿಯ ಮಾತು ಹೇಳುವುದು. ಕೆಲಸ ಹೋಗುವುದಿರಲಿ, ಅಪ್ಪ ಆ ಗಾಜಿನ ಬಾಗಿಲು ಮತ್ತೆ ದಾಟುವಂತಿಲ್ಲ. ಮುದುಕನಿಗೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಜೀವ ಹಿಡಿಯಲು ಇರುವುದು ಅದೊಂದೇ. ಮತ್ತೊಮ್ಮೆ ಬೆರಳಿಡುವಷ್ಟರಲ್ಲಿ ಗುಡ್ಡದ ಸಂದಿಯಲ್ಲಿ ನೆಟ್‌ವರ್ಕ್ ಹೋಯಿತು. ನಾಚಿಕೆಯ ಮಾತು, ಆದರೆ ಹೇಳಿಬಿಡುತ್ತೇನೆ: ಆ ಗಳಿಗೆ ಅವಳಿಗೆ ಹಾಯೆನಿಸಿತು. ನಾನೇನು ಮಾಡಲಿ, ಫೋನೇ ಹತ್ತುತ್ತಿಲ್ಲವಲ್ಲ ಎಂದುಕೊಂಡಳು.

ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸುತ್ತಾ ಎದುರಿಗೆ ಬರುತ್ತಿದ್ದವು. ಬಸ್ಸು ನಿಂತು ನಿಂತು ಹತ್ತುತ್ತಿತ್ತು. ಆ ಹಾಯೆನಿಸಿದ್ದು ಬಹಳ ಹೊತ್ತು ನಿಲ್ಲಲಿಲ್ಲ. ಬೆಚ್ಚಗಿನ ನೆಲದ ಮೇಲೆ ಬರಿಗಾಲಿಟ್ಟು ನಗುವ ಹುಡುಗಿ ಕಣ್ಣೆದುರಿಗೆ ಬಂದು ಕುಳಿತಳು, ಎಷ್ಟು ಅತ್ತ ಇತ್ತ ನೋಡಿದರೂ ಹೋಗಲಿಲ್ಲ. ಈಗ ತುಳಸಿಯ ಕಣ್ಣು ಫೋನಿನ ಮೂಲೆಯ ಗೀಟುಗಳಿಗೇ ಅಂಟಿಕೊಂಡಿತು. ಒಂದು ತಿರುವಿನಲ್ಲಿ ಎರಡು ಗೀಟು ಮೂಡಿದ್ದೇ ವಾಚ್‌ಮನ್ ಕಾಳಪ್ಪನಿಗೆ ಫೋನು ಹಚ್ಚಿದಳು.

"ಕಾಳಪ್ಪಣ್ಣ, ಗಾಜಿನ ಕೋಣಿ ಕಡೆ ಹೋಗಿ ನೋಡಿ ಹೇಳು. ಒಳಗ ಏನರ ಕಾಣ್ತೈತೇನು?"

ಕಾಳಪ್ಪನ ಹೆಜ್ಜೆಯ ಸದ್ದು, ಕೆಮ್ಮು ಕೇಳಿಸಿತು. "ಏನ್ ಕಾಣ್ತೈತವ್ವ, ನಿಮ್ಮಪ್ಪನ ಲೋಬಾನದ ಹೊಗಿ. ಮುಂಜಾನಿ ನಾ ಬಂದಾಗಿಂದ ಹಂಗ ಐತಿ. ಈಗ ಬಾಯ್ಲರ್ ಸೈತ ಕಾಣವಲ್ದು."

"ಶುಕ್ರವಾರದ ಲೋಬಾನ ಐತಾರ ಮಟ ಇರ್ತೈತೇನು ಅಣ್ಣ?"

ಆ ಕಡೆ ಕಾಳಪ್ಪ ಗಾಜನ್ನು ಅಂಗೈಯಿಂದ ಉಜ್ಜಿದ ಸದ್ದು ಬಂತು.

"ಒಳಗ ಯಾರ್ಯಾರು ಅದಾರ?"

"ಐತಾರದ ಶಿಫ್ಟಿನೋರು. ನಿಮ್ಮ ಓಣಿ ಹುಡುಗೀನೂ ಅದಾಳ."

"ಎಲ್ಲಾರ್ನೂ ಜಲ್ದಿ ಹೊರಗ ಕರಿ."

"ನಾ ಕರದ್ರ ಬರ್ತಾರೇನು? ಕಿವಿಗೆ ಹಾಕ್ಕಂಡು ಕುಂತಿರ್ತಾರ. ಒಳಗ ಹೋಗಾಕ ನನಗ ಕಾರ್ಡಿಲ್ಲ. ಸಾಹೇಬ್ರಿಗೆ ಫೋನ್ ಹಚ್ಚು ನೀನು."

"ಅವ್ರು ಬರಾ ಮಟ ತಡ ಆಗ್ತೈತಿ. ಬಾಗಲದಾಗ ಕೆಂಪು ಡಬ್ಬಿ ಐತಲ್ಲ, ಅದರ ಗಾಜು ಒಡಿ. ಸೈರನ್ ಹೊಡ್ಕಂತೈತಿ."

"ಏ ಬ್ಯಾಡವ್ವ! ಹೋದಸಲ ಏನಾತು ನೋಡಿದ್ಯಲ್ಲ. ನನ್ನ ಕೆಲಸ ತಗೀತಾರ. ಬೆಂಕಿ ಇದ್ರ ಆ ಸೆನ್ಸರ್ ಅದಾವಲ್ಲ, ಅವಾ ಕೂಗ್ತಾವ ಬಿಡು."

ಬಸ್ಸು ತಿರುವಿಗೆ ವಾಲುತ್ತಿತ್ತು. ಗೀಟು ಒಂದಾಯಿತು. ತುಳಸಿ ಎದ್ದು ನಿಂತುಬಿಟ್ಟಳು.

"ಕೂಗಂಗಿಲ್ಲ ಅಣ್ಣ. ನಾ ಅವಕ್ಕ ಪ್ಲಾಸ್ಟಿಕ್ ಕಟ್ಟೀನಿ. ಪೂಜಿಗೆ ಕಟ್ಟಿದ್ದು, ಬಿಚ್ಚಿಲ್ಲ. ತುಳಸಿ ಒಡಿ ಅಂದ್ಲು ಅಂತ ಹೇಳು. ಯಾರ್ ಕೇಳಿದ್ರೂ ನನ್ನ ಹೆಸರ ಹೇಳು. ನಿನ್ನ ಕಾಲಿಗೆ ಬೀಳ್ತೀನಿ, ಒಡಿ!"

ಬಸ್ಸಿಗೆ ಬಸ್ಸೇ ಅವಳತ್ತ ತಿರುಗಿತ್ತು. ಫೋನಿನಲ್ಲಿ ಏನೋ ಬಡಿದ ಸದ್ದು, ಗಾಜು ಚೂರಾದ ಸದ್ದು, ಅದರ ಹಿಂದೆಯೇ ಸೈರನ್. ಆ ಕರ್ಕಶ ಕೂಗನ್ನು ಕೇಳದಿರಲೆಂದು ಅವಳು ಎಷ್ಟೆಲ್ಲ ಮಾಡಿದ್ದಳು! ಈಗ ಅದನ್ನೇ ಕಿವಿಗೊತ್ತಿ ಹಿಡಿದುಕೊಂಡಳು. ಮರುಕ್ಷಣ ಲೈನು ಕಡಿದುಹೋಯಿತು.

"ನಿಲ್ಸ್ರೀ, ಇಳೀಬೇಕು!" ಎಂದು ಕೂಗಿದಳು. ಕಂಡಕ್ಟರ್ ಏನೂ ಕೇಳದೆ ಸೀಟಿ ಊದಿದ.

ರಸ್ತೆಯ ಬದಿಯಲ್ಲಿ ನಿಂತು ಕಾಳಪ್ಪನಿಗೆ ಮತ್ತೆ ಮತ್ತೆ ಹಚ್ಚಿದಳು. ಒಮ್ಮೆ ಹತ್ತಿತು, ಅವನು ಎತ್ತಲಿಲ್ಲ. ಕಿರಣ್ ಕುಮಾರನಿಗೆ ಹಚ್ಚಿದಳು. ಬೇರೆಯವರೊಡನೆ ಮಾತಿನಲ್ಲಿದ್ದಾರೆಂದು ಫೋನು ಹೇಳಿತು. ಹೊಸಪೇಟೆಯ ಕಡೆಗೆ ಹೋಗುವ ಬಸ್ಸು ಬರುವಷ್ಟರಲ್ಲಿ ಉಡಿ ತುಂಬುವ ಸೀರೆಯ ಮೇಲೆಲ್ಲ ಕೆಂಪು ಧೂಳು ಕುಳಿತಿತ್ತು. ಅವಳಿಗೆ ಅದರ ಕಡೆ ಧ್ಯಾನವೇ ಇರಲಿಲ್ಲ.

ಹೊಸಪೇಟೆಯಲ್ಲಿ ಕಂಪ್ಲಿಯ ಬಸ್ಸು ಹಿಡಿದಳು. ಕಮಲಾಪುರದಲ್ಲಿ ಬಾಳೆಗೊನೆ ಹೊತ್ತವನೊಬ್ಬ ಹತ್ತಿ ಡ್ರೈವರಿನ ಹಿಂದೆ ಕುಳಿತು ಶುರುಮಾಡಿದ. "ಕಂಪ್ಲಿ ಮಿಲ್ಲಿಗೆ ಬೆಂಕಿ ಬಿದ್ದೈತಂತಲ್ರಿ. ನಮ್ಮ ಅಳಿಯ ಫೋನ್ ಮಾಡಿದ್ದ. ಹುಡುಗ್ರೆಲ್ಲ ಹೊರಗ ಬಂದಾರಂತ. ಒಬ್ಬಾಕಿ ಹುಡುಗಿ ಒಳಗ ಉಳದಾಳಂತ ನೋಡ್ರಿ ಪಾಪ."

"ಯಾವ ಹುಡುಗಿರಿ?" ಎಂದಳು ತುಳಸಿ. ಧ್ವನಿ ಅವಳದೇ ಎಂದು ಅವಳಿಗೇ ಅನಿಸಲಿಲ್ಲ.

"ಯಾರಿಗ್ಗೊತ್ತವ್ವ. ಹುಡುಗಿ ಅಂದ ಅಷ್ಟ."

ಆಮೇಲಿನ ದಾರಿ ಅವಳಿಗೆ ನೆನಪಿಲ್ಲ. ಕಬ್ಬಿನ ಗದ್ದೆಗಳು, ಕಾಲುವೆ, ಎಮ್ಮೆಗಳು ಎಲ್ಲ ಎಂದಿನಂತೆ ಹಿಂದೆ ಸರಿದಿರಬೇಕು. ಅವಳು ದೇವರಿಗೆ ಹರಕೆ ಹೊತ್ತಳು. ಯಾವ ದೇವರಿಗೆ ಏನೆಂದು ಕೇಳಿದರೆ ಹೇಳಲಾರಳು. ಗುಡ್ಡದ ಸಂದಿಯಲ್ಲಿ ಹಾಯೆನಿಸಿದ ಆ ಗಳಿಗೆ ನೆನಪಾಗಿ ತನ್ನ ಮೇಲೆಯೇ ಹೇಸಿಗೆಯಾಯಿತು. ಹುಡುಗಿಯ ತಾಯಿ ದಿನಾ ಬೆಳಿಗ್ಗೆ ನಲ್ಲಿಯ ಮುಂದೆ ಸಿಗುತ್ತಾಳೆ. ನಾಳೆ ಸಿಕ್ಕರೆ ಏನು ಹೇಳುವುದು ಎಂಬಲ್ಲಿಗೆ ಬಂದು ಯೋಚನೆ ನಿಂತುಬಿಡುತ್ತಿತ್ತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಮಿಲ್ಲಿನ ಕಣದ ತುಂಬ ಜನ ಸೇರಿದ್ದರು. ಅಗ್ನಿಶಾಮಕದ ಕೆಂಪು ಗಾಡಿ ನಿಂತಿತ್ತು, ಅದರ ಕೊಳವೆ ಒಳಗೆ ಹೋಗಿತ್ತು. ಸೈರನ್ ನಿಂತಿತ್ತು. ತುಳಸಿ ಜನರನ್ನು ಸರಿಸುತ್ತಾ ಒಂದೊಂದೇ ಮುಖ ನೋಡುತ್ತಾ ಹೋದಳು. ಇವನಿದ್ದಾನೆ, ಇವಳಿದ್ದಾಳೆ, ಈ ಕನ್ನಡಕದ ಹುಡುಗ ಇದ್ದಾನೆ. ಬೇಕಾದ ಮುಖ ಮಾತ್ರ ಇಲ್ಲ. ಕೊನೆಗೆ ಬೇವಿನ ಗಿಡದ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು, ಬರಿಗಾಲಲ್ಲಿ ಕುಳಿತಿದ್ದ ಸುಷ್ಮಿತಾ ಕಂಡಳು.

"ಅಕ್ಕಾ," ಎಂದು ಹುಡುಗಿ ಅಳತೊಡಗಿದಳು. "ಸೈರನ್ ಹೊಡ್ಕಂತು, ಎಲ್ಲಾರೂ ಎದ್ರು. ಚಪ್ಪಲಿ ಹುಡುಕಾಕ ಬಗ್ಗಿದ್ರ ನೆಲ ಕಾಲಿಗೆ ಚುರ್ ಅಂತು. ಹಂಗ ಬಿಟ್ಟು ಓಡಿ ಬಂದೆ. ಹಿಂದ ತಿರುಗಿ ನೋಡಿದ್ರ ನನ್ನ ಕುರ್ಚಿ ವಾಲಿತ್ತಕ್ಕ. ಅದರ ಕೆಳಗಿನ ಹಲಗಿ ಒಳಗ ಹೋಗಿತ್ತು. ನಾ ಕಡೀಗೆ ಬಂದೆ ಅಂತ ಯಾರೋ ನಾ ಒಳಗ ಉಳದೀನಿ ಅಂದುಬಿಟ್ಟಾರ."

ತುಳಸಿ ನೆಲಕ್ಕೆ ಕುಸಿದು ಹುಡುಗಿಯ ಎರಡೂ ಪಾದಗಳನ್ನು ತೊಡೆಯ ಮೇಲೆಳೆದುಕೊಂಡು ಸೆರಗಿನಿಂದ ಒರೆಸಿದಳು. ಒರೆಸುವಂಥದ್ದೇನೂ ಇರಲಿಲ್ಲ. ಆದರೂ ಒರೆಸುತ್ತಲೇ ಇದ್ದಳು, ಅತ್ತಳು, ಅತ್ತು ಮೂಗು ಸೀಟಿ ಮತ್ತೆ ಒರೆಸಿದಳು.

ಕಿರಣ್ ಕುಮಾರ್ ಬಾಗಿಲಿನಿಂದ ಹೊರಗೆ ಬಂದ. ಅವನ ಕೈಯಲ್ಲಿ ಎರಡು ಪ್ಲಾಸ್ಟಿಕ್ ಟೋಪಿಗಳಿದ್ದವು, ಹೊಗೆಗೆ ಕಂದಿದ್ದವು. ಸೌಜನ್ಯ ಅವನ ಹಿಂದಿದ್ದಳು. ಕಾಳಪ್ಪ ಒಂದು ಕಡೆ ತಲೆ ತಗ್ಗಿಸಿ ನಿಂತಿದ್ದ. ಅವನಿನ್ನೂ ಯಾರ ಹೆಸರನ್ನೂ ಹೇಳಿರಲಿಲ್ಲ. ಅವನ ಪಕ್ಕದಲ್ಲಿ ಗವಿಸಿದ್ದಪ್ಪ. ಫೋನು ಕೇಳದ ಕಿವಿಗೆ ಸೈರನ್ ಕೇಳಿತ್ತು. ಉಣ್ಣುವುದನ್ನು ಬಿಟ್ಟು ಎದ್ದು ಬಂದಿದ್ದ, ಬಲಗೈಯಲ್ಲಿ ಅನ್ನ ಒಣಗಿ ಹತ್ತಿತ್ತು.

"ಇವನ್ನ ಯಾರು ಕಟ್ಟಿದ್ದು?" ಎಂದ ಕಿರಣ್ ಕುಮಾರ್. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ನಾನ್ರಿ," ಎಂದ ಗವಿಸಿದ್ದಪ್ಪ.

ಸ್ಟೂಲು ಹತ್ತುವುದಿರಲಿ, ಮೊಣಕಾಲು ನೋವಿಗೆ ಮನೆಯ ಹೊಸ್ತಿಲು ದಾಟಲೂ ಗೋಡೆ ಹಿಡಿಯುವ ಮುದುಕ. ಅವನ ಕಣ್ಣು ಮಗಳ ಕಡೆ ತಿರುಗಲೇ ಇಲ್ಲ. ತಾನು ಸುಮ್ಮನಿದ್ದುಬಿಟ್ಟರೆ ಕೆಲಸ ಉಳಿಯುತ್ತದೆ ಎಂಬುದು ತುಳಸಿಗೆ ಗೊತ್ತಿತ್ತು. ಮುದುಕನಿಗೆ ಯಾರು ಏನು ಮಾಡುತ್ತಾರೆ, ಬೈದು ಬಿಡುತ್ತಾರೆ. ಇಷ್ಟು ಹೊತ್ತು ಸುಮ್ಮನಿದ್ದದ್ದೇ ಅವಳಿಗೆ ಸಾಕಾಗಿತ್ತು. ಎದ್ದು ನಿಂತಳು.

"ಅಪ್ಪ ಅಲ್ಲ ಸರ್. ನಾನು ಕಟ್ಟಿದ್ದು. ಪ್ರತಿ ಅಮಾಸಿಗೂ ನಾನ ಕಟ್ಟೋದು. ಈ ಸಲ ಬಿಚ್ಚೋದು ಮರ್ತೆ."

"ಗಾಜು ಒಡಿ ಅಂದಾಕೀನೂ ಇಕೀನ ರೀ," ಎಂದ ಕಾಳಪ್ಪ, ಕೇಳದಿದ್ದರೂ.

ಕಿರಣ್ ಕುಮಾರ್ ಟೋಪಿಗಳನ್ನು ನೋಡಿದ, ಅವಳನ್ನು ನೋಡಿದ. "ನಾಳೆ ಮಾತಾಡೋಣು," ಎಂದಷ್ಟೇ ಹೇಳಿದ. ಆ ನಾಳೆ ಹೇಗಿರುತ್ತದೆಂದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಸೌಜನ್ಯ ಏನೋ ಹೇಳಲು ಬಾಯಿ ತೆರೆದಳು. ಒಲೆ ಹಚ್ಚಿಸಿದವಳು ತಾನೆಂಬುದು ನೆನಪಾಗಿರಬೇಕು, ಮತ್ತೆ ಹಿಂದೆ ಸರಿದಳು.

ಅಷ್ಟರಲ್ಲಿ ಅಗ್ನಿಶಾಮಕದವರ ಮುಖಂಡ ಹೊರಗೆ ಬಂದು ಮುಖ ಒರೆಸಿಕೊಂಡ. "ನೀರಿಗೆ ಬಗ್ಗವಲ್ದುರಿ ಇದು. ಹೊಟ್ಟಿನ ಮ್ಯಾಲ ಹರದು ಹೋಗ್ತೈತಿ, ಒಳಗ ಇಳಿಯವಲ್ದು. ಉಸುರು ಕಟ್ಟಿಸ್ಬೇಕು. ಆ ಕಡೆ ಹಲಗಿ ಕಿತ್ತು ಅಲ್ಲಿಂದ ಹಾಕ್ತೀವಿ, ಈ ಕಡೆ ಒಲಿ ಬಾಯಿಂದ ತುಂಬ್ರಿ. ಮಣ್ಣು ತರಿಸ್ರಿ, ಜಲ್ದಿ."

ಮಣ್ಣಿಗೆ ದೂರ ಹೋಗಬೇಕಿರಲಿಲ್ಲ. ಅಂದು ಗುತ್ತಿಗೆದಾರ ತರಿಸಿದ್ದು ಕಾಂಪೌಂಡಿನ ಮೂಲೆಯಲ್ಲಿ ಹುಲ್ಲು ಬೆಳೆದು ಹಾಗೇ ಬಿದ್ದಿತ್ತು. ಹುಡುಗರು ಬುಟ್ಟಿ, ಬಕೆಟ್ಟು, ಕಸದ ಡಬ್ಬಿ, ಸಿಕ್ಕಿದ್ದಕ್ಕೆಲ್ಲ ತುಂಬಿ ತಂದರು. ಆದರೆ ಅಗ್ನಿಶಾಮಕದವರು ಒಡೆದಿದ್ದ ಗಾಜಿನ ಕೋಣೆಯ ಮುಂದೆ ಬಂದು ನಿಂತುಬಿಟ್ಟರು. ಸೌಜನ್ಯ ಗವಿಸಿದ್ದಪ್ಪನ ಮುಖ ನೋಡಿದಳು. ಕಾಳಪ್ಪನೂ ನೋಡಿದ. ಅಂದು ಅಡ್ಡ ಕುಳಿತವನು ಇಂದೂ ಕುಳಿತರೆ ಎಬ್ಬಿಸುವ ಧೈರ್ಯ ಯಾರಿಗೂ ಇದ್ದಂತಿರಲಿಲ್ಲ.

ಮುದುಕ ಒಲೆಯನ್ನೇ ನೋಡುತ್ತಿದ್ದ. ಅದರ ಬಾಯಿಯಿಂದ ಹಳದಿ ಹೊಗೆ ಮೆಲ್ಲಗೆ ಬರುತ್ತಿತ್ತು.

"ಒಳಗ ಯಾರೂ ಇಲ್ಲಲ್ಲವ್ವ?" ಎಂದು ಮಗಳನ್ನು ಕೇಳಿದ.

"ಯಾರೂ ಇಲ್ಲಪ್ಪ. ಎಲ್ಲಾರೂ ಹೊರಗ ಅದಾರ."

"ಆ ಹುಡುಗಿ?"

"ಆಕೀನೂ ಅದಾಳ. ಗಿಡದ ಕೆಳಗ ಕುಂತಾಳ."

ಗವಿಸಿದ್ದಪ್ಪ ತಲೆಯ ರುಮಾಲು ಬಿಚ್ಚಿದ. ಅದನ್ನು ನೀರಿನಲ್ಲಿ ಅದ್ದಿ ಬಾಯಿ ಮೂಗಿಗೆ ಸುತ್ತಿಕೊಳ್ಳಿರೆಂದು ಅಗ್ನಿಶಾಮಕದವನು ಹೇಳಿದ. ಮುದುಕ ಹಾಗೆಯೇ ಮಾಡಿದ. ತುಳಸಿ ಅವನ ರಟ್ಟೆ ಹಿಡಿದುಕೊಂಡಳು. ಇಬ್ಬರೂ ಗಾಜಿನ ಚೂರುಗಳ ಮೇಲೆ ಹೆಜ್ಜೆಯಿಟ್ಟು ಒಲೆಯ ತನಕ ಹೋದರು. ವಿಭೂತಿ ಹಚ್ಚುತ್ತಿದ್ದ ಜಾಗವನ್ನು ಅವನು ಒಮ್ಮೆ ಅಂಗೈಯಿಂದ ಮುಟ್ಟಿದ. ಬಿಸಿಯಿತ್ತು, ಕೈ ಹಿಂದಕ್ಕೆ ತೆಗೆದ. ಆಮೇಲೆ ಬುಟ್ಟಿಗೆ ಬಗ್ಗಿ, ಹತ್ತಿರದವರು ಹೋದಾಗ ಕುಣಿಯ ಮುಂದೆ ನಿಂತು ಹಾಕುತ್ತಾರಲ್ಲ, ಹಾಗೆ ಹಿಡಿ ತುಂಬ ಮಣ್ಣು ತೆಗೆದು ಒಲೆಯ ಬಾಯಿಗೆ ಹಾಕಿದ.

"ಹಾಕವ್ವ," ಎಂದ. "ನಿನಗೂ ಇದ ಅನ್ನ ಹಾಕೇತಿ."

ತುಳಸಿ ಬಗ್ಗಿ ಮಣ್ಣು ತೆಗೆದುಕೊಂಡಳು. ಹಿಂದಿದ್ದವರು ಬುಟ್ಟಿ ಎತ್ತಿಕೊಂಡು ಮುಂದೆ ಬಂದರು.